ಕ್ಯಾನ್ಸರ್‌ಗೆ ಕೊಡುವ ರೇಡಿಯೇಷನ್‌ನಲ್ಲಿ ಎಷ್ಟು ಬಗೆ ಇದೆ?

ಮುಖ್ಯವಾಗಿ ಮೂರು: ಹೊರಗಿನಿಂದ, ಒಳಗಿನಿಂದ, ರಕ್ತದ ಮೂಲಕ.

ಜಾಸ್ತಿ ಜನರಿಗೆ ಕೊಡುವುದು ಹೊರಗಿನದು. ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರ ಗಡ್ಡೆಗೆ ಗುರಿಯಿಟ್ಟು ಎಕ್ಸ್‌-ರೇ ಬಿಡುತ್ತದೆ. ನೀವು ಸುಮ್ನೆ ಅಲುಗಾಡದೆ ಮಲಗಿದ್ದರೆ ಸಾಕು, ಯಂತ್ರವೇ ಸುತ್ತ ತಿರುಗುತ್ತದೆ. ತಲೆ, ಕುತ್ತಿಗೆಯ ಕ್ಯಾನ್ಸರ್ ಆದರೆ ಮುಖದ ಅಚ್ಚಿನ ಜಾಲರಿ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಾರೆ. ಕಿರಣ ತಾಗುವಾಗ ನೋವಾಗುವುದಿಲ್ಲ. ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಕೆಲವು ವಾರ ನಡೆಯುತ್ತದೆ. ಎಸ್‌ಬಿಆರ್‌ಟಿ (ಗಡ್ಡೆಗೆ ತುಂಬಾ ನಿಖರವಾಗಿ ಗುರಿಯಿಟ್ಟು ಕೊಡುವ ಹೊರಗಿನ ರೇಡಿಯೇಷನ್) ಆದರೆ ಒಂದೊಂದು ಸಲದ ಡೋಸ್ ಜಾಸ್ತಿ, 1ರಿಂದ 5 ಸಲಕ್ಕೇ ಮುಗಿಯುತ್ತದೆ. ಎಕ್ಸ್‌-ರೇ ಬದಲು ಪ್ರೋಟಾನ್ ಎಂಬ ಕಣಗಳ ಕಿರಣ ಬಿಡುವುದೂ ಉಂಟು, ಅದು ಗಡ್ಡೆಯ ಹತ್ತಿರವೇ ನಿಲ್ಲುತ್ತದೆ. ಮಕ್ಕಳಿಗೆ ಇದು ಉಪಯೋಗ, ಆದರೆ ದುಬಾರಿ.

ಒಳಗಿನಿಂದ ಕೊಡುವುದಕ್ಕೆ ಬ್ರಾಕಿಥೆರಪಿ ಎನ್ನುತ್ತಾರೆ. ಇದರಲ್ಲಿ ವಿಕಿರಣದ ಮೂಲವನ್ನೇ ಮೈಯೊಳಗೆ ಗಡ್ಡೆಯ ಪಕ್ಕ ಇಡುತ್ತಾರೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ಇದು ತುಂಬಾ ಮುಖ್ಯ.

ಮೂರನೆಯದು ರಕ್ತದ ಮೂಲಕ ಗಡ್ಡೆಗೆ ತಲುಪುವುದು. ಉದಾಹರಣೆಗೆ, ಥೈರಾಯ್ಡ್ ಕ್ಯಾನ್ಸರ್‌ಗೆ ಅಯೋಡಿನ್-131 ಎಂಬ ವಿಕಿರಣ ಸೂಸುವ ಔಷಧಿ ನುಂಗಿಸುತ್ತಾರೆ. ಆಮೇಲೆ ಕೆಲವು ದಿನ ಮಕ್ಕಳು, ಗರ್ಭಿಣಿಯರಿಂದ ದೂರ ಇರಬೇಕು. ಹೊರಗಿನ ಚಿಕಿತ್ಸೆಗೆ ಈ ಕಟ್ಟುಪಾಡಿಲ್ಲ. ಮನೆಗೆ ಬಂದು ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು.