ಕೋಲ್ಮನ್ಸ್‌ಕಾಪ್‌ಗೆ ಅರ್ಧ ದಿನ ಸಾಲದು

ನಮೀಬಿಯಾದ ಕೋಲ್ಮನ್ಸ್‌ಕಾಪ್ ಹಾಳೂರಿಗೆ ಅರ್ಧ ದಿನ ಸಾಕೇ, ಮರಳು ತುಂಬಿದ ಕೋಣೆಗಳ ಚಿತ್ರ ತೆಗೆಯಲು ಯಾವ ಹೊತ್ತು ಒಳ್ಳೆಯದು ಎಂದು ತಾವು ಕೇಳಿದ್ದೀರಿ. ಹತ್ತು ಕಿಲೋಮೀಟರ್ ಆಚೆಗಿನ ಲ್ಯೂಡರಿಟ್ಸ್ ಪಟ್ಟಣದಲ್ಲಿ ಎರಡು ರಾತ್ರಿ ತಂಗಿ, ಎರಡು ದಿನ ಬೆಳಿಗ್ಗೆ ಹೋಗಿಬರುವುದು ಸರಿಯೆಂದು ನನ್ನ ಅಭಿಪ್ರಾಯ.

ಸಾಮಾನ್ಯ ಟಿಕೆಟ್ಟಿನಲ್ಲಿ ಮಧ್ಯಾಹ್ನದವರೆಗೆ ಮಾತ್ರ ಒಳಗಿರಬಹುದು. ಸೂರ್ಯೋದಯದ ಬೆಳಕು ಬೇಕಿದ್ದರೆ ಛಾಯಾಗ್ರಹಣದ ಪ್ರತ್ಯೇಕ ಪರವಾನಗಿಯನ್ನು ಹಿಂದಿನ ದಿನವೇ ಮಾಡಿಸಿಟ್ಟುಕೊಳ್ಳಿ. ಹೊತ್ತೇರಿದಂತೆ ಗಾಳಿ ಜೋರಾಗುತ್ತದೆ. ಆ ಮರಳು ಕೆನ್ನೆಗೆ ಚುಚ್ಚುವುದಷ್ಟೇ ಅಲ್ಲ, ಕ್ಯಾಮೆರಾದ ಒಳಗೂ ಇಳಿಯುತ್ತದೆ. ಆದ್ದರಿಂದ ಲೆನ್ಸ್ ಬದಲಿಸುವುದಿದ್ದರೆ ಕಾರಿನೊಳಗೆ ಕುಳಿತೇ ಬದಲಿಸಿ. ಕೆಲವು ಮನೆಗಳಲ್ಲಿ ಮರಳು ಬಾಗಿಲಿನ ಅರ್ಧಕ್ಕೇರಿದ್ದು, ಬಗ್ಗಿ ನುಸುಳಬೇಕಾಗುತ್ತದೆ. ಅಂಥಲ್ಲಿ ಒಳಗೆ ಕಾಲಿಡುವ ಮೊದಲು ಹೊಸ್ತಿಲ ಬಳಿಯಿಂದಲೇ ಚಿತ್ರ ತೆಗೆದುಬಿಡಿ, ಏಕೆಂದರೆ ಗಾಳಿ ಮೂಡಿಸಿದ ಆ ಸಣ್ಣ ಅಲೆಗಳ ಮೇಲೆ ಒಮ್ಮೆ ಹೆಜ್ಜೆ ಬಿದ್ದರೆ ಮುಂದಿನ ಗಾಳಿಯವರೆಗೂ ಅದು ಅಳಿಯುವುದಿಲ್ಲ. ಮರದ ಮಹಡಿಗಳು ಶಿಥಿಲವಾಗಿವೆ, ಹತ್ತಬೇಡಿ.

ಇಷ್ಟು ಚಿತ್ರದ ಮಾತು. ಆದರೆ ಮಾರ್ಗದರ್ಶಿಯ ಜೊತೆಗಿನ ಸುತ್ತಾಟವನ್ನು ತಪ್ಪಿಸಿಕೊಳ್ಳಬೇಡಿ. 1908ರಲ್ಲಿ, ಇದು ಜರ್ಮನರ ವಸಾಹತಾಗಿದ್ದಾಗ, ರೈಲು ಹಳಿಯ ಮೇಲಿನ ಮರಳು ಸರಿಸುತ್ತಿದ್ದ ಜಕಾರಿಯಸ್ ಲೆವಾಲಾ ಎಂಬ ಕಾರ್ಮಿಕನಿಗೆ ಹೊಳೆಯುವ ಕಲ್ಲೊಂದು ಸಿಕ್ಕಿತು. ಅವನು ಅದನ್ನು ಮೇಲ್ವಿಚಾರಕ ಆಗಸ್ಟ್ ಸ್ಟೌಖ್‌ಗೆ ತೋರಿಸಿದ. ವಜ್ರದಿಂದ ಸ್ಟೌಖ್ ಭಾರೀ ಶ್ರೀಮಂತನಾದ, ಲೆವಾಲಾ ಬರಿಗೈಯಲ್ಲೇ ಉಳಿದ. ಅದೇ ವರ್ಷ ಸರ್ಕಾರ ಸುತ್ತಲಿನ ವಿಶಾಲ ಪ್ರದೇಶವನ್ನು ನಿಷೇಧಿತ ವಲಯವೆಂದು ಸಾರಿತು. ನೀರಿಗೇ ಗತಿಯಿಲ್ಲದ ಆ ಬಯಲಲ್ಲಿ ಆಸ್ಪತ್ರೆ, ನೃತ್ಯಶಾಲೆ, ಮಂಜುಗಡ್ಡೆಯ ಕಾರ್ಖಾನೆ ಎಲ್ಲವೂ ಎದ್ದು ನಿಂತವು. 1928ರಲ್ಲಿ ದಕ್ಷಿಣಕ್ಕೆ ಆರೆಂಜ್ ನದಿಯ ಬಳಿ ಇನ್ನೂ ಸಮೃದ್ಧವಾದ ನಿಕ್ಷೇಪಗಳು ಸಿಕ್ಕಾಗ ಜನ ಮನೆ ಬಿಟ್ಟು ಅತ್ತ ನಡೆದರು. 1950ರ ದಶಕದ ಹೊತ್ತಿಗೆ ಊರು ಪೂರ್ತಿ ಬರಿದಾಯಿತು. ಈಗ ದುರಸ್ತಿಯಾಗಿ ನಿಂತಿರುವ ಕೆಲವು ಕಟ್ಟಡಗಳು 1980ರ ನಂತರದ ಕೆಲಸದ ಫಲ.

ನನಗೆ ಹೆಚ್ಚು ಕಾಡಿದ್ದು ಆ ರೈಲು ಹಳಿಯ ಸಂಗತಿ. ಜರ್ಮನರು ಸ್ಥಳೀಯ ಹೆರೆರೊ ಮತ್ತು ನಾಮಾ ಜನರ ಮೇಲೆ ನಡೆಸಿದ ನರಮೇಧದ ಕಾಲದಲ್ಲಿ ಲ್ಯೂಡರಿಟ್ಸ್‌ನ ಶಾರ್ಕ್ ಐಲ್ಯಾಂಡ್ ಶಿಬಿರದ ಕೈದಿಗಳಿಂದ ಅದರ ಕೆಲಸ ಮಾಡಿಸಿಕೊಂಡಿದ್ದರು, ಎಷ್ಟೋ ಮಂದಿ ಅಲ್ಲೇ ಸತ್ತರು. ಗಾಳಿಯಿಂದಾಗಿ ಚಿತ್ರ ತೆಗೆಯಲಾಗದ ಮಧ್ಯಾಹ್ನ ಶಾರ್ಕ್ ಐಲ್ಯಾಂಡ್‌ಗೂ ಹೋಗಿಬನ್ನಿ. ಆ ಜಾಗದಲ್ಲಿ ಈಗ ಪ್ರವಾಸಿಗರು ಟೆಂಟು ಹಾಕುತ್ತಾರೆಂಬುದು ವಿಚಿತ್ರವೇ ಸರಿ.

ಕೀಟ್‌ಮನ್ಸ್‌ಹೂಪ್ ಪಟ್ಟಣದಿಂದ ಬರುವುದಾದರೆ ಸುಮಾರು 340 ಕಿಲೋಮೀಟರ್ ದಾರಿ, ಟ್ಯಾಂಕ್ ತುಂಬಿಸಿಯೇ ಹೊರಡಿ. ಕಡೆಯ ಭಾಗದಲ್ಲಿ ರಸ್ತೆಗೆ ಮರಳು ಹರಿದು ಬಂದಿರುತ್ತದೆ, ಕತ್ತಲಾದ ಮೇಲೆ ಓಡಿಸಬೇಡಿ. ಹೊಳೆಯಲಿ ಬಿಡಲಿ, ಅಲ್ಲಿನ ನೆಲದಿಂದ ಒಂದು ಕಲ್ಲನ್ನೂ ಜೇಬಿಗೆ ಹಾಕಿಕೊಳ್ಳಬೇಡಿ.