ಪಾರ್ಕಿನ್ಸನ್‌ಗೆ ಕಾಂತ ಚಿಕಿತ್ಸೆ: ಮಾತ್ರೆ ಬಿಡಬಹುದೇ?

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ಪಾರ್ಕಿನ್ಸನ್ ಕಾಯಿಲೆಗೆ ಎಂಟು ವರ್ಷಗಳಿಂದ ಲೆವೊಡೋಪಾ ಮಾತ್ರೆ ಸೇವಿಸುತ್ತಿದ್ದಾರೆ. ಈಗೀಗ ಮುಂದಿನ ಮಾತ್ರೆಯ ಹೊತ್ತಿಗೆ ಮುಂಚೆಯೇ ಮೈ ಬಿಗಿಯುತ್ತದೆ. ತಲೆಗೆ ಟಿಎಂಎಸ್ ಎಂಬ ಕಾಂತ ಚಿಕಿತ್ಸೆ ಕೊಡಿಸಿದರೆ ರೋಗವೇ ಗುಣವಾಗುತ್ತದೆ, ಮಾತ್ರೆ ಬಿಡಬಹುದು ಎಂದು ಪರಿಚಿತರು ಹೇಳುತ್ತಿದ್ದಾರೆ. ನಿಜವೇ?

ಉತ್ತರ: ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಲೆವೊಡೋಪಾವನ್ನು ಏಕಾಏಕಿ ಬಿಟ್ಟರೆ ತೀವ್ರ ಜ್ವರ ಬಂದು, ಮೈ ಸೆಟೆದು, ಪ್ರಾಣಕ್ಕೇ ಕುತ್ತು ಬರಬಹುದು.

ಟಿಎಂಎಸ್ ಬೂಟಾಟಿಕೆಯಲ್ಲ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟ ವಿಧಾನವಿದು. ತಂತಿಯ ಸುರುಳಿಯನ್ನು ನೆತ್ತಿಯ ಪಕ್ಕದಲ್ಲಿಟ್ಟು ವಿದ್ಯುತ್ ಹರಿಸಿದಾಗ ಟಕ್ ಎಂಬ ಸದ್ದಾಗುತ್ತದೆ. ಸುರುಳಿಯ ಕಾಂತಕ್ಷೇತ್ರ ಮಿದುಳನ್ನು ತಟ್ಟುವುದರಿಂದ, ಅದರ ಹಿಂದೆಯೇ ಕೈಯ ಹೆಬ್ಬೆರಳು ತಾನಾಗಿ ಮಿಡುಕುತ್ತದೆ. ಬೆರಳು ಮಿಡುಕಲು ಕನಿಷ್ಠ ಎಷ್ಟು ಶಕ್ತಿ ಬೇಕೋ ಅದನ್ನೇ ಅಳತೆಗೋಲಾಗಿಟ್ಟು ಆ ರೋಗಿಯ ಪ್ರಮಾಣವನ್ನು ನಿಗದಿ ಮಾಡುತ್ತಾರೆ.

ಆದರೆ ಸಾಮಾನ್ಯ ಸುರುಳಿಯ ಪ್ರಭಾವ ಮುಟ್ಟುವುದು ಎರಡು-ಮೂರು ಸೆಂಟಿಮೀಟರ್ ಆಳಕ್ಕೆ ಮಾತ್ರ. ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ, ಈ ಕಾಯಿಲೆಯಲ್ಲಿ ಸಾಯುವ ಕೋಶಗಳಿರುವುದು ಮಿದುಳಿನ ತೀರಾ ಒಳಗೆ. ಸತ್ತ ಕೋಶಗಳನ್ನು ಟಿಎಂಎಸ್ ಮರಳಿ ತರುವುದಿಲ್ಲ. ಉಳಿದವು ಸಾಯುವುದನ್ನು ತಡೆಯುತ್ತದೆ ಎಂಬುದಕ್ಕೂ ಪುರಾವೆಯಿಲ್ಲ. ಅದು ತಟ್ಟುವುದು ಹೊರಪದರದಲ್ಲಿರುವ ಚಲನೆಯ ಕೇಂದ್ರವನ್ನು. ಆ ಕೇಂದ್ರಕ್ಕೂ ಒಳಗಿನ ಜಾಲಕ್ಕೂ ನಂಟಿರುವುದರಿಂದ ಚಲನೆ ಸ್ವಲ್ಪ ಸಲೀಸಾಗಬಹುದು. 2020ರ ತಜ್ಞ ಮಾರ್ಗಸೂಚಿ ಮಿದುಳಿನ ಎರಡೂ ಬದಿಯ ಈ ಕೇಂದ್ರಕ್ಕೆ ವೇಗವಾಗಿ ಮರುಮರಳಿ ಕೊಡುವ ಪ್ರಚೋದನೆಯನ್ನು ‘ಬಹುಶಃ ಪರಿಣಾಮಕಾರಿ’ ಎಂದು ವರ್ಗೀಕರಿಸಿದೆ. ಸಿಗುವ ಲಾಭ ಸಾಧಾರಣ, ಅದೂ ಕ್ರಮೇಣ ಇಳಿಯುತ್ತದೆ. ‘ಗುಣವಾಗುತ್ತದೆ’ ಎನ್ನುವವರನ್ನು ನಂಬಿ ಹಣ ಕಟ್ಟಬೇಡಿ.

ನಿಮ್ಮ ತಂದೆಯ ತೊಂದರೆಗೆ ಮೊದಲ ಮದ್ದು ಮಾತ್ರೆಯ ವೇಳಾಪಟ್ಟಿಯಲ್ಲೇ ಇರಬಹುದು. ಒಂದು ವಾರ ಮಾತ್ರೆ, ಊಟ, ಮೈ ಬಿಗಿದ ವೇಳೆ ಎಲ್ಲವನ್ನೂ ಬರೆದಿಟ್ಟು ನರರೋಗ ತಜ್ಞರಿಗೆ ತೋರಿಸಿ. ಪ್ರೋಟೀನ್ ಹೆಚ್ಚಿರುವ ಊಟದ ಜೊತೆಗೆ ನುಂಗಿದರೆ ಲೆವೊಡೋಪಾ ಸರಿಯಾಗಿ ಹೀರಿಕೆಯಾಗದಿರಬಹುದು. ಪ್ರಮಾಣ ಹೊಂದಿಸಿದರೂ ಸಾಲದಿದ್ದರೆ, ಮಿದುಳಿನೊಳಗೆ ವಿದ್ಯುತ್ ತಂತಿ ಇಡುವ ಶಸ್ತ್ರಚಿಕಿತ್ಸೆ ಅವರಿಗೆ ಹೊಂದುವುದೇ ಎಂದು ಕೇಳಿ. ಅದಕ್ಕೆ ಇರುವ ಪುರಾವೆ ಟಿಎಂಎಸ್‌ಗಿಂತ ಬಹಳ ಗಟ್ಟಿ.

ಟಿಎಂಎಸ್ ಮಾಡಿಸುವುದಾದರೆ ಮಾತ್ರೆಯ ಜೊತೆಗೇ ಮಾಡಿಸಿ. ತಲೆಯೊಳಗೆ ಲೋಹದ ಕ್ಲಿಪ್, ಕಿವಿಯೊಳಗೆ ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಶ್ರವಣ ಸಾಧನ (ಕಾಕ್ಲಿಯರ್ ಇಂಪ್ಲಾಂಟ್), ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿದ್ದರೆ ಅಥವಾ ಹಿಂದೆ ಅಪಸ್ಮಾರ ಬಂದಿದ್ದರೆ ಮೊದಲೇ ತಿಳಿಸಿ.

ಅವರ ಮನಸ್ಸು ಹೇಗಿದೆ ಎಂಬುದನ್ನು ನೀವು ಬರೆದಿಲ್ಲ. ಈ ಕಾಯಿಲೆಯಲ್ಲಿ ಖಿನ್ನತೆ ಸಾಮಾನ್ಯ, ಮನೆಯವರ ಗಮನಕ್ಕೆ ಬಾರದೆ ಹೋಗುವುದೂ ಸಾಮಾನ್ಯ. ಹಣೆಯ ಎಡಭಾಗಕ್ಕೆ ಕೊಡುವ ಟಿಎಂಎಸ್ ಅದಕ್ಕೆ ನೆರವಾಗಬಲ್ಲದು. ಈ ಮಾತನ್ನೂ ವೈದ್ಯರ ಮುಂದೆ ಎತ್ತಿ.