ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ಲಾವಕ್ಕಿಯ ಕಣ್ಣಿನ ತೊಂದರೆಗಳು

ಪ್ರಶ್ನೆ: ಹವ್ಯಾಸಕ್ಕಾಗಿ ಜಪಾನಿ ಲಾವಕ್ಕಿಗಳನ್ನು (ಕ್ವೇಲ್) ಸಾಕಿದ್ದೇನೆ. ಮೂರು ಹಕ್ಕಿಗಳು ಕಣ್ಣನ್ನು ಅರ್ಧ ಮುಚ್ಚಿಕೊಂಡು ಮೂಲೆ ಹಿಡಿದಿವೆ. ಅವುಗಳಲ್ಲಿ ಒಂದಕ್ಕೆ ಕಣ್ಣಿನ ಕೆಳಗೆ ಗಂಟಿನಂಥ ಊತ ಬಂದಿದೆ, ಆಗಾಗ ಸೀನುತ್ತದೆ. ಮನೆಯವರ ಕಣ್ಣಿಗೆಂದು ಹಿಂದೆ ತಂದಿದ್ದ ಹನಿ ಮದ್ದನ್ನು ಹಾಕಿ ನೋಡಿದೆ, ಗುಣ ಕಾಣಲಿಲ್ಲ. ಏನಾಗಿರಬಹುದು?

ಉತ್ತರ: ಆ ಹನಿ ಮದ್ದನ್ನು ಇಂದೇ ನಿಲ್ಲಿಸಿ. ಮನುಷ್ಯರ ಕಣ್ಣಿನ ಮದ್ದುಗಳಲ್ಲಿ ಹಲವಕ್ಕೆ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಸೇರಿರುತ್ತದೆ. ಕಣ್ಣಿನ ಮುಂಪದರವಾದ ಕಾರ್ನಿಯಾದಲ್ಲಿ ಹುಣ್ಣು ಇದ್ದರೆ ಸ್ಟೀರಾಯ್ಡ್ ಅದನ್ನು ಮಾಯಲು ಬಿಡುವುದಿಲ್ಲ, ಕಣ್ಣೇ ತೂತಾಗುವ ಹಂತಕ್ಕೂ ಒಯ್ಯಬಹುದು. ಹುಣ್ಣು ಇದೆಯೋ ಇಲ್ಲವೋ ಎಂಬುದು ಬರಿಗಣ್ಣಿಗೆ ತಿಳಿಯುವುದು ಕಷ್ಟ. ವೈದ್ಯರು ಫ್ಲೋರೆಸೀನ್ ಎಂಬ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ ಹುಣ್ಣಿರುವ ಜಾಗ ಹಸಿರಾಗಿ ಎದ್ದು ಕಾಣುತ್ತದೆ. ಇನ್ನೂರು ಗ್ರಾಂ ಆಸುಪಾಸಿನ ಹಕ್ಕಿಯ ಮೈಗೆ, ಕಣ್ಣಿನ ಮೂಲಕ ಸೇರುವ ಔಷಧವೂ ಅಲ್ಪವೇನಲ್ಲ ಎಂಬುದನ್ನು ಮರೆಯಬಾರದು.

ಮದ್ದಿಗಿಂತ ಮೊದಲು ಆಗಬೇಕಾದದ್ದು ದೂರದಿಂದ ಗಮನಿಸುವ ಕೆಲಸ. ಕೈಗೆತ್ತಿಕೊಂಡ ಕ್ಷಣವೇ ಲಾವಕ್ಕಿ ಗಾಬರಿಯಾಗಿ ತನ್ನ ರೋಗವನ್ನು ಮರೆಮಾಚುತ್ತದೆ. ತೊಂದರೆ ಒಂದು ಕಣ್ಣಿಗೋ ಎರಡಕ್ಕೋ, ಒಂದೇ ಹಕ್ಕಿಗೋ ಹಲವಕ್ಕೋ ಎಂಬುದನ್ನು ಗುರುತಿಸಿಕೊಂಡರೆ ಅರ್ಧ ರೋಗನಿರ್ಣಯ ಆದಂತೆಯೇ. ಒಂದೇ ಹಕ್ಕಿಯ ಒಂದೇ ಕಣ್ಣಾದರೆ ಸಾಮಾನ್ಯವಾಗಿ ಪೆಟ್ಟು, ಜೊತೆಯ ಹಕ್ಕಿಯ ಕುಕ್ಕು ಅಥವಾ ಧೂಳಿನ ಕಣ. ಹಲವು ಹಕ್ಕಿಗಳ ಎರಡೂ ಕಣ್ಣಾದರೆ ಗಾಳಿ, ಆಹಾರ ಅಥವಾ ಸೋಂಕು. ಕಣ್ಣಿನ ಒಳಮೂಲೆಯಿಂದ ಮಿಂಚಿನಂತೆ ಹಾದುಹೋಗುವ ತೆಳುಪೊರೆ ಮಾತ್ರ ರೋಗವಲ್ಲ. ಅದು ಹಕ್ಕಿಗಳಿಗಿರುವ ಮೂರನೆಯ ರೆಪ್ಪೆ. ಅದು ಹಿಂದೆ ಸರಿಯದೆ ಕಣ್ಣನ್ನು ಮುಚ್ಚಿಯೇ ನಿಂತರೆ ಮಾತ್ರ ನೋವಿದೆ ಎಂದು ತಿಳಿಯಬೇಕು.

ನಿಮ್ಮ ಮೂರು ಹಕ್ಕಿಗಳ ವಿಷಯದಲ್ಲಿ ನನ್ನ ಮೊದಲ ಅನುಮಾನ ಗೂಡಿನ ಹಾಸಿನ ಮೇಲೆಯೇ. ಹಿಕ್ಕೆ ಒದ್ದೆಯಾಗಿ ಕೊಳೆತಾಗ ಏಳುವ ಅಮೋನಿಯಾ ಕಣ್ಣಿನ ಪೊರೆಯನ್ನು ಸುಡುತ್ತದೆ. ಗಾಳಿಯಲ್ಲಿ ಅದು 25 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗ) ದಾಟಿದರೆ ಹಕ್ಕಿಗಳಿಗೆ ತೊಂದರೆ ಖಚಿತ. ದಿನವೂ ಗೂಡಿನ ಬಳಿ ಓಡಾಡುವವರ ಮೂಗಿಗೆ ಆ ವಾಸನೆ ಒಗ್ಗಿಹೋಗಿರುತ್ತದೆ, ಅದೂ ಅಲ್ಲದೆ ನಾವು ಉಸಿರಾಡುವ ಎತ್ತರವೂ ಹಕ್ಕಿಯದಲ್ಲ. ಬೆಳಿಗ್ಗೆ ಗೂಡು ತೆರೆಯುತ್ತಲೇ ಮಂಡಿಯೂರಿ, ಮುಖವನ್ನು ಹಾಸಿನ ಮಟ್ಟಕ್ಕೆ ತಂದು ಉಸಿರೆಳೆದುಕೊಳ್ಳಿ. ಘಾಟು ಹೊಡೆದರೆ ಹಾಸನ್ನೆಲ್ಲ ತೆಗೆದು ಒಣ ಹಾಸು ಹಾಕಿ, ನೀರಿನ ಪಾತ್ರೆ ಸೋರುತ್ತಿದೆಯೇ ನೋಡಿ, ಮೇಲ್ಭಾಗದಲ್ಲಿ ಗಾಳಿಯಾಡುವಂತೆ ಮಾಡಿ. ಬರೀ ಅಮೋನಿಯಾದ ಉರಿಯಾಗಿದ್ದು ಕಾರ್ನಿಯಾಕ್ಕೆ ಹುಣ್ಣು ಆಗಿರದಿದ್ದರೆ, ಕೆಲವೇ ದಿನಗಳಲ್ಲಿ ಕಣ್ಣು ತೆರೆದುಕೊಳ್ಳುತ್ತದೆ.

ಊತ ಮತ್ತು ಸೀನು ಇರುವ ಹಕ್ಕಿಯ ಕಥೆ ಬೇರೆ. ಕಣ್ಣಿನ ಕೆಳಗೆ ಉಬ್ಬಿರುವುದು ಕಣ್ಣಲ್ಲ, ಸೈನಸ್ ಎಂಬ ಟೊಳ್ಳು ಜಾಗ. ಕಣ್ಣಂಚಿನಲ್ಲಿ ನೊರೆಗುಳ್ಳೆಗಳಿರುವ ನೀರೂ ಕಂಡರೆ ಮೈಕೊಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್ ಎಂಬ ಬ್ಯಾಕ್ಟೀರಿಯಾದ ಸೋಂಕನ್ನು ಶಂಕಿಸಬೇಕು. ಮುಖವೆಲ್ಲ ಊದಿ ದುರ್ವಾಸನೆ ಬರುತ್ತಿದ್ದರೆ ಕೊರೈಜಾ ಎಂಬ ನೆಗಡಿರೋಗವೂ ಇರಬಹುದು. ಹಕ್ಕಿಗಳ ಕೀವು ನಮ್ಮದರಂತೆ ಹರಿಯುವುದಿಲ್ಲ. ಗಿಣ್ಣಿನಂತೆ ಗಟ್ಟಿಯಾಗಿ ಕೂರುತ್ತದೆ. ಆದ್ದರಿಂದ ಸೂಜಿ ಚುಚ್ಚಿ ಹಿಂಡುವ ಸಾಹಸಕ್ಕೆ ಕೈಹಾಕಬೇಡಿ, ವೈದ್ಯರೇ ಅದನ್ನು ತೆಗೆಯಬೇಕು. ಟೈಲೋಸಿನ್ ಅಥವಾ ಡಾಕ್ಸಿಸೈಕ್ಲಿನ್‌ನಂಥ ಔಷಧವನ್ನು ತೂಕ ನೋಡಿ ಅವರೇ ಬರೆದುಕೊಡುತ್ತಾರೆ. ಡಾಕ್ಸಿಸೈಕ್ಲಿನ್ ಕೊಡುವಾಗ ಚಿಪ್ಪಿನ ಪುಡಿಯಂಥ ಸುಣ್ಣದಂಶವನ್ನು ತಡೆಹಿಡಿಯಬೇಕೇ ಎಂದು ಕೇಳಿ. ಸುಣ್ಣ ಆ ಔಷಧಕ್ಕೆ ಅಂಟಿಕೊಂಡು ಅದು ಮೈಗೆ ಹತ್ತದಂತೆ ಮಾಡುತ್ತದೆ. ಇನ್ನೊಂದು ಕಹಿ ಸಂಗತಿ: ಔಷಧದಿಂದ ಲಕ್ಷಣ ಅಡಗಿದರೂ ಮೈಕೊಪ್ಲಾಸ್ಮಾ ಹಕ್ಕಿಯ ದೇಹದಲ್ಲಿ ಉಳಿದುಬಿಡುತ್ತದೆ, ಮೊಟ್ಟೆಯ ಮೂಲಕ ಮರಿಗೂ ದಾಟುತ್ತದೆ. ಗುಣವಾದಂತೆ ಕಂಡ ಹಕ್ಕಿಯಿಂದ ಮರಿ ಮಾಡಿಸಬೇಡಿ.

ವೈದ್ಯರ ಬಳಿಗೆ ಹೋಗುವವರೆಗೆ ರೋಗದ ಹಕ್ಕಿಯನ್ನು ಬೆಚ್ಚಗಿನ, ಮಬ್ಬು ಬೆಳಕಿನ ಪೆಟ್ಟಿಗೆಯಲ್ಲಿ ಬೇರೆ ಇಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಸೇರಿಸಿದ ದ್ರಾವಣದಿಂದ ದಿನಕ್ಕೆ ಎರಡು ಮೂರು ಬಾರಿ ಕಣ್ಣು ತೊಳೆಯಬಹುದು. ಹಕ್ಕಿಯನ್ನು ಮೆತ್ತಗಿನ ಬಟ್ಟೆಯಲ್ಲಿ ಸುತ್ತಿ ಹಿಡಿಯಿರಿ, ಎದೆಯನ್ನು ಒತ್ತಬೇಡಿ. ಎದೆ ಅಲುಗಾಡದಿದ್ದರೆ ಹಕ್ಕಿ ಉಸಿರಾಡಲಾರದು. ಪ್ರತಿ ಕಣ್ಣಿಗೂ ಹೊಸ ಹತ್ತಿ ಬಳಸಿ, ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ. ಹಕ್ಕಿಗಳು ಇದ್ದಕ್ಕಿದ್ದಂತೆ ಸಾಯತೊಡಗಿದರೆ, ತಲೆ ಊದಿ ಕತ್ತು ತಿರುಚಿಕೊಂಡರೆ ಯಾವ ಮನೆಮದ್ದೂ ಬೇಡ, ಹಕ್ಕಿಗಳನ್ನು ಎಲ್ಲಿಗೂ ಸಾಗಿಸಲೂ ಬೇಡ. ಹಕ್ಕಿಜ್ವರ ಅಥವಾ ಕೊಕ್ಕರೆ ರೋಗದ (ರಾಣಿಖೇತ್) ಸಂಶಯದಿಂದ ಕೂಡಲೇ ಪಶುವೈದ್ಯ ಅಧಿಕಾರಿಗಳಿಗೆ ತಿಳಿಸಬೇಕು.

ಪ್ರಶ್ನೆ: ಒಂದು ವಾರದ ಮರಿಗಳಲ್ಲಿ ಕೆಲವಕ್ಕೆ ಬೆಳಿಗ್ಗೆ ಕಣ್ಣು ಅಂಟಿಕೊಂಡಿರುತ್ತದೆ. ಬಿಡಿಸಬಹುದೇ?

ಉತ್ತರ: ಎಳೆದು ಬಿಡಿಸಬೇಡಿ. ಮೇಲೆ ಹೇಳಿದ ಉಪ್ಪುನೀರನ್ನು ಉಗುರುಬೆಚ್ಚಗೆ ಮಾಡಿ, ಹತ್ತಿಯನ್ನು ಅದರಲ್ಲಿ ಅದ್ದಿ ರೆಪ್ಪೆಯ ಮೇಲಿಟ್ಟರೆ ಗೀಜು ನೆನೆದು ತಾನಾಗಿ ಕಳಚುತ್ತದೆ. ಮರಿಯ ಮೈ ಒದ್ದೆಯಾದರೆ ಒರಸಿ, ಒಣಗುವವರೆಗೆ ಕಾವಿನ ಬಳಿಯಲ್ಲೇ ಇರಿಸಬೇಕು. ಆಹಾರದ ಹುಡಿ ತೀರಾ ಧೂಳಾಗಿದ್ದರೆ ಅದನ್ನು ಜರಡಿ ಹಿಡಿಯಿರಿ. ಶಾಖಕ್ಕೆಂದು ಪ್ರಖರ ದೀಪವನ್ನು ಹಗಲೂ ರಾತ್ರಿ ಉರಿಸುತ್ತಿದ್ದರೆ, ಬೆಳಕು ಸೂಸದ ಸೆರಾಮಿಕ್ ಹೀಟರ್‌ಗೆ ಬದಲಾಗುವುದು ಒಳ್ಳೆಯದು. ಕತ್ತಲೆಯನ್ನೇ ಕಾಣದೆ ಬೆಳೆದ ಮರಿಗಳಲ್ಲಿ ಕಣ್ಣುಗುಡ್ಡೆ ಹಿಗ್ಗುವ ತೊಂದರೆ ಕೋಳಿಯಲ್ಲೂ ಲಾವಕ್ಕಿಯಲ್ಲೂ ಕಂಡುಬಂದಿದೆ.

ಪ್ರಶ್ನೆ: ನಮ್ಮ ಲಾವಕ್ಕಿಗೆ ರೆಪ್ಪೆಯೊಳಗೆ ಬಿಳಿ ಮುದ್ದೆಯಂಥದ್ದು ತುಂಬಿಕೊಂಡಿದೆ. ಬಹುಕಾಲದಿಂದ ಒಣ ಕಾಳನ್ನಷ್ಟೇ ತಿನ್ನಿಸುತ್ತಿದ್ದೇವೆ. ವಿಟಮಿನ್ ಹನಿ ಕೊಟ್ಟರೆ ಸಾಕೇ?

ಉತ್ತರ: ನಿಮ್ಮ ವಿವರಣೆ ವಿಟಮಿನ್ ಎ ಕೊರತೆಗೆ ಹೊಂದುತ್ತದೆ. ಈ ವಿಟಮಿನ್ ಇಲ್ಲದಾಗ ಕಣ್ಣೀರಿನ ನಾಳದ ಒಳಪದರ ಒರಟಾಗಿ ಕಟ್ಟಿಕೊಂಡು, ಸತ್ತ ಜೀವಕೋಶಗಳು ರೆಪ್ಪೆಯಡಿ ಗಡ್ಡೆಯಾಗುತ್ತವೆ. ಬಾಯಿ ತೆರೆದು ನೋಡಿ. ಅಂಗುಳಿನಲ್ಲಿ ಸಣ್ಣ ಬಿಳಿ ಗುಳ್ಳೆಗಳಿದ್ದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ. ಮುದ್ದೆಯನ್ನು ವೈದ್ಯರಿಂದ ತೆಗೆಸಿ, ಮುಖ್ಯ ಆಹಾರವನ್ನು ಲಾವಕ್ಕಿಗೆಂದೇ ತಯಾರಾದ, ಸುಮಾರು ಶೇ 20ರಷ್ಟು ಪ್ರೋಟೀನ್ ಇರುವ ತಾಜಾ ಆಹಾರಕ್ಕೆ ಬದಲಿಸಿ. ತಿಂಗಳುಗಟ್ಟಲೆ ಶೆಕೆಯಲ್ಲಿಟ್ಟ ಚೀಲದಲ್ಲಿ ವಿಟಮಿನ್ ಉಳಿದಿರುವುದಿಲ್ಲ. ಹಸಿರು ಸೊಪ್ಪು, ತುರಿದ ಗಜ್ಜರಿ ಪೂರಕವಾಗಿ ಇರಲಿ. ವಿಟಮಿನ್ ಎ ಮಿತಿಮೀರಿದರೆ ವಿಷವಾಗುವುದರಿಂದ ಹನಿಯ ಪ್ರಮಾಣವನ್ನು ವೈದ್ಯರೇ ಹೇಳಬೇಕು. ರೆಪ್ಪೆಯ ಹೊರಗೆ ಕಂದು ಹೊಪ್ಪಳೆಗಳಿದ್ದರೆ ಅದು ಹಕ್ಕಿಗಳಿಗೆ ಬರುವ ಸಿಡುಬು ಇರಬಹುದು. ಹೊಪ್ಪಳೆ ಕೀಳದೆ, ಸೊಳ್ಳೆ ತಡೆದು, ತಾನಾಗಿ ಉದುರಲು ಬಿಡಿ.

ಪ್ರಶ್ನೆ: ಬೆದರಿ ಮೇಲಕ್ಕೆ ಹಾರಿ ಗೂಡಿನ ಚಾವಣಿಗೆ ಬಡಿದ ಹಕ್ಕಿಯ ಒಂದು ಕಣ್ಣು ಬೆಳ್ಳಗಾಗಿದೆ. ಇನ್ನು ಬದುಕುವುದೇ? ಮೊಟ್ಟೆ ತಿನ್ನಬಹುದೇ?

ಉತ್ತರ: ಪೆಟ್ಟಾದ ದಿನವೇ ತೋರಿಸಿದ್ದರೆ ಕಣ್ಣು ಉಳಿಯುವ ಸಂಭವ ಹೆಚ್ಚಿತ್ತು, ಈಗಲೂ ತೋರಿಸಿ, ಏಕೆಂದರೆ ನೋವು ಶಮನವಾಗಬೇಕು. ದೃಷ್ಟಿ ಹೋದರೂ ಲಾವಕ್ಕಿ ಚೆನ್ನಾಗಿಯೇ ಬದುಕುತ್ತದೆ. ಅನ್ನ ನೀರಿನ ಪಾತ್ರೆಗಳು ಸದಾ ಒಂದೇ ಜಾಗದಲ್ಲಿರಲಿ, ನೀರಿನದು ಆಳವಿಲ್ಲದಿರಲಿ, ಕುರುಡು ಕಡೆಯಿಂದ ಕೈಹಾಕುವ ಮೊದಲು ಮಾತನಾಡಿಸಿ. ಜೊತೆಯ ಹಕ್ಕಿಗಳು ಕುಕ್ಕಿದರೆ ಬೇರ್ಪಡಿಸಿ. ಚಾವಣಿಯನ್ನು ಒಂದಡಿಗಿಂತ ತಗ್ಗಿಸಿ ಅಥವಾ ಆಳೆತ್ತರ ಮೀರಿಸಿ, ಒಳಗೆ ಮೆತ್ತನೆಯ ಬಲೆ ಕಟ್ಟಿ. ನಡುವಿನ ಎತ್ತರದಲ್ಲೇ ತಲೆ ಒಡೆಯುವುದು. ಔಷಧ ನಡೆಯುವಾಗಲೂ, ನಿಂತ ಮೇಲೆ ವೈದ್ಯರು ಹೇಳಿದಷ್ಟು ದಿನವೂ ಮೊಟ್ಟೆಯನ್ನು ತಿನ್ನಬಾರದು. ಕ್ಲೋರಾಂಫೆನಿಕಾಲ್ ಇರುವ ಮುಲಾಮು ಅನೇಕ ದೇಶಗಳಲ್ಲಿ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ನಿಷಿದ್ಧ. ಮೊಟ್ಟೆ ತಿನ್ನುವ ಉದ್ದೇಶವಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ.